ಗಂಡ ಹೆಂಡತಿ ಇಬ್ಬರಿಗೂ ಒಂದೇ ರಕ್ತ ಕ್ಯಾನ್ಸರ್ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡನಿಗೆ ರಕ್ತ ಕ್ಯಾನ್ಸರ್ ಎಂದು ತಿಳಿದು ಚಿಕಿತ್ಸೆ ನಡೆಯುತ್ತಿರುವಾಗಲೇ ಹೆಂಡತಿಯ ವರದಿಯಲ್ಲೂ ಅದೇ ಹೆಸರು ಕಾಣಿಸಿಕೊಂಡರೆ, ಮನೆಯವರು ಔಷಧಿಯ ವಿಚಾರಕ್ಕಿಂತ ಮೊದಲು ಕಾರಣದ ವಿಚಾರ ಎತ್ತುತ್ತಾರೆ. ಕುಡಿಯುವ ನೀರು, ಮನೆಯ ಪಕ್ಕದ ಕಾರ್ಖಾನೆ, ಚಾವಣಿಯ ಮೇಲಿನ ಟವರ್, ಒಳಸಂಬಂಧದ ಮದುವೆ, ಹೀಗೆ ಅನುಮಾನಗಳ ಪಟ್ಟಿ ಬೆಳೆಯುತ್ತದೆ. ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಕುಟುಂಬಗಳು ಕೇಳುವಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ನಿಮ್ಮ ಚಿಕಿತ್ಸೆಯ ಕುರಿತ ನಿರ್ಧಾರ ಮಾತ್ರ ನಿಮ್ಮನ್ನು ನೋಡುತ್ತಿರುವ ವೈದ್ಯರದೇ ಆಗಿರಬೇಕು.

ಈ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಅಂಟಿಕೊಂಡಿರಬಹುದೇ?

ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ದಾಂಪತ್ಯ ಸಂಬಂಧ ಮುಂದುವರಿಸಿದರೂ ರಕ್ತ ಕ್ಯಾನ್ಸರ್ ಹರಡುವುದಿಲ್ಲ. ಒಬ್ಬರ ಕ್ಯಾನ್ಸರ್ ಕೋಶ ಇನ್ನೊಬ್ಬರ ದೇಹದೊಳಗೆ ಹೋದರೂ, ಅದನ್ನು ಪರಕೀಯವೆಂದು ಗುರುತಿಸಿ ರೋಗನಿರೋಧಕ ವ್ಯವಸ್ಥೆ ನಾಶ ಮಾಡುತ್ತದೆ. ಗರ್ಭದಲ್ಲಿ ತಾಯಿಯಿಂದ ಮಗುವಿಗೆ, ಅಥವಾ ಅಂಗಾಂಗ ಇಲ್ಲವೇ ಅಸ್ಥಿಮಜ್ಜೆಯ (ಮೂಳೆಯೊಳಗೆ ರಕ್ತ ತಯಾರಾಗುವ ಭಾಗ) ಕಸಿಯ ಮೂಲಕ ದಾನಿಯಿಂದ ರೋಗಿಗೆ ಕ್ಯಾನ್ಸರ್ ಕೋಶಗಳು ದಾಟಿದ ಅತಿ ಅಪರೂಪದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ; ದಂಪತಿಯ ನಿತ್ಯಜೀವನಕ್ಕೆ ಅವು ಅನ್ವಯಿಸುವುದಿಲ್ಲ. ಕೀಮೋ ನಡೆಯುತ್ತಿರುವವರ ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ. ರೋಗಿಗೆ ಹೊರಗಿನ ಸೋಂಕು ತಗಲದಿರಲಿ ಎಂಬ ಕಾರಣಕ್ಕೆ ಹಾಗೆ ಮಾಡಿದರೆ ಸರಿ, ರೋಗಿಯಿಂದ ತಮಗೆ ಕ್ಯಾನ್ಸರ್ ಬಂದೀತೆಂಬ ಭಯದಿಂದ ಮಾಡಿದರೆ ಅದಕ್ಕೆ ಆಧಾರವಿಲ್ಲ.

ಕ್ಯಾನ್ಸರ್ ಅಂಟುವುದಿಲ್ಲವಾದರೂ, ಕೆಲವು ಕ್ಯಾನ್ಸರ್‌ಗಳಿಗೆ ದಾರಿ ಮಾಡಿಕೊಡುವ ವೈರಾಣುಗಳು ಅಂಟಬಲ್ಲವು. ಆ ವಿಷಯ ಮುಂದೆ ಬರುತ್ತದೆ.

ಇಬ್ಬರಿಗೂ ಬಂದಿರುವುದು ಒಂದೇ ಕಾಯಿಲೆ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಕಾರಣ ಹುಡುಕುವ ಮೊದಲು ಆಗಬೇಕಾದ ಕೆಲಸ ಇದೇ. ‘ಬ್ಲಡ್ ಕ್ಯಾನ್ಸರ್’ ಎಂಬ ಒಂದೇ ಹೆಸರಿನಡಿ ಲ್ಯುಕೇಮಿಯಾ (ಅಸ್ಥಿಮಜ್ಜೆಯಲ್ಲಿ ಶುರುವಾಗಿ ರಕ್ತಕ್ಕೆ ಹರಡುವುದು), ಲಿಂಫೋಮಾ (ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಗಡ್ಡೆಯಾಗಿ ಬೆಳೆಯುವುದು), ಮಲ್ಟಿಪಲ್ ಮೈಲೋಮಾ (ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಎಂಬ ಮೂರು ದೊಡ್ಡ ಗುಂಪುಗಳಿವೆ. ಅವುಗಳೊಳಗೆ ಹತ್ತಾರು ಉಪವಿಧಗಳಿವೆ. ಗಂಡನಿಗೆ ಬಂದದ್ದು ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಮತ್ತು ಹೆಂಡತಿಗೆ ಬಂದದ್ದು ದೀರ್ಘಕಾಲೀನ ಲಿಂಫಾಯ್ಡ್ ಲ್ಯುಕೇಮಿಯಾ ಆಗಿದ್ದರೆ, ಹೆಸರಿನಲ್ಲಿ ಲ್ಯುಕೇಮಿಯಾ ಎಂಬ ಪದ ಸಮಾನವಾಗಿದ್ದರೂ ಆ ಎರಡು ಕಾಯಿಲೆಗಳು ಬೇರೆ ಬೇರೆ ಬಗೆಯ ಕೋಶಗಳಲ್ಲಿ, ಬೇರೆ ಬೇರೆ ಕಾರಣಗಳಿಂದ ಹುಟ್ಟುತ್ತವೆ. ಹಿರೋಷಿಮಾ ಮತ್ತು ನಾಗಾಸಾಕಿಯಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕಿ ಬದುಕುಳಿದವರಲ್ಲಿ ಮೊದಲನೆಯ ಬಗೆ ಸ್ಪಷ್ಟವಾಗಿ ಹೆಚ್ಚಾಯಿತು, ಎರಡನೆಯದರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಆದ್ದರಿಂದ ಇಬ್ಬರ ಅಸ್ಥಿಮಜ್ಜೆಯ ವರದಿ, ಫ್ಲೋ ಸೈಟೊಮೆಟ್ರಿ (ಕೋಶಗಳ ಬಗೆ ಗುರುತಿಸುವ ಪರೀಕ್ಷೆ), ವರ್ಣತಂತುಗಳ ಪರೀಕ್ಷೆ, ಲಿಂಫೋಮಾ ಆಗಿದ್ದರೆ ಬಯಾಪ್ಸಿಯ ಪೂರ್ಣ ವರದಿ, ಇವನ್ನು ಒಬ್ಬರೇ ಹೆಮಟಾಲಜಿಸ್ಟ್ (ರಕ್ತರೋಗ ತಜ್ಞರು) ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರೂ ಬೇರೆ ಬೇರೆ ಆಸ್ಪತ್ರೆಗಳಲ್ಲಿ ತೋರಿಸಿಕೊಳ್ಳುತ್ತಿದ್ದರೆ ಈ ಹೋಲಿಕೆ ನಡೆಯದೆ ಉಳಿಯುವ ಸಂಭವ ಹೆಚ್ಚು.

ಇದು ಬರೀ ಕಾಕತಾಳೀಯ ಎಂದರೆ ನಂಬುವುದು ಹೇಗೆ?

ನಂಬಲು ಕಷ್ಟವೆನ್ನುವುದು ನಿಜ, ಆದರೂ ಹೆಚ್ಚಿನ ಜೋಡಿಗಳ ವಿಷಯದಲ್ಲಿ ಕಡೆಗೆ ಉಳಿಯುವ ಉತ್ತರ ಅದೇ. ಲೆಕ್ಕಕ್ಕಾಗಿ ಒಂದು ಊಹೆ ಮಾಡಿಕೊಳ್ಳೋಣ. ಒಂದು ನಿರ್ದಿಷ್ಟ ರಕ್ತ ಕ್ಯಾನ್ಸರ್ ಜೀವಮಾನದಲ್ಲಿ 500 ಮಂದಿಯಲ್ಲಿ ಒಬ್ಬರಿಗೆ ಬರುತ್ತದೆ ಎಂದಿಟ್ಟುಕೊಂಡರೆ, ಯಾವ ಸಮಾನ ಕಾರಣವೂ ಇಲ್ಲದೆ ಗಂಡ ಹೆಂಡತಿ ಇಬ್ಬರಿಗೂ ಅದು ಬರುವ ಸಾಧ್ಯತೆ 2,50,000 ಜೋಡಿಗಳಲ್ಲಿ ಒಂದು. ನಗರದಲ್ಲಿ 20 ಲಕ್ಷ ದಂಪತಿಗಳಿದ್ದಾರೆ ಎಂದುಕೊಂಡರೆ ಅಂಥ 8 ಜೋಡಿಗಳು ಸಿಗಬೇಕು. ಇವು ವಿವರಣೆಗಾಗಿ ಆಯ್ದುಕೊಂಡ ಅಂಕಿಗಳು, ಬೆಂಗಳೂರಿನ ನೈಜ ಅಂಕಿಅಂಶಗಳಲ್ಲ. ಆದರೆ ತರ್ಕ ನಿಲ್ಲುತ್ತದೆ: ಇಷ್ಟು ದೊಡ್ಡ ಊರಿನಲ್ಲಿ ಅಂಥ ಜೋಡಿ ಒಂದೂ ಇಲ್ಲದಿದ್ದರೆ ಅದೇ ಆಶ್ಚರ್ಯ. ಆ ಎಂಟರಲ್ಲಿ ಒಂದಾದವರಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ವಯಸ್ಸು ಈ ಸಾಧ್ಯತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೈಲೋಮಾ ಮತ್ತು ಬಹುತೇಕ ಲಿಂಫೋಮಾಗಳು ಐವತ್ತು ದಾಟಿದ ಮೇಲೆ ಹೆಚ್ಚುವ ಕಾಯಿಲೆಗಳು, ದಂಪತಿಗಳು ಸಾಮಾನ್ಯವಾಗಿ ಆ ವಯಸ್ಸನ್ನು ಜೊತೆಜೊತೆಯಲ್ಲೇ ತಲುಪುತ್ತಾರೆ. ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಒಬ್ಬರಿಗೆ ಕಾಯಿಲೆ ಬಂದೊಡನೆ ಇನ್ನೊಬ್ಬರು ಹೆದರಿ ಮಾಸ್ಟರ್ ಹೆಲ್ತ್ ಚೆಕಪ್ ಮಾಡಿಸಿಕೊಳ್ಳುತ್ತಾರೆ. ನಿಧಾನವಾಗಿ ಬೆಳೆಯುವ ರಕ್ತ ಕ್ಯಾನ್ಸರ್‌ಗಳು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇರಬಲ್ಲವಾದ್ದರಿಂದ, ಐದು ವರ್ಷ ಬಿಟ್ಟು ಗೊತ್ತಾಗಬೇಕಿದ್ದದ್ದು ಅದೇ ವರ್ಷ ಗೊತ್ತಾಗಿ, ಎರಡೂ ಒಟ್ಟಿಗೇ ಶುರುವಾದಂತೆ ತೋರುತ್ತದೆ.

ಸ್ವೀಡನ್ನಿನಲ್ಲಿ ಇಡೀ ದೇಶದ ಕುಟುಂಬ ಮತ್ತು ಕ್ಯಾನ್ಸರ್ ನೋಂದಣಿಗಳನ್ನು ಜೋಡಿಸಿ ದೀರ್ಘಕಾಲ ಜೊತೆಗಿದ್ದ ದಂಪತಿಗಳನ್ನು ಅಧ್ಯಯನ ಮಾಡಿದ್ದಾರೆ. ಶ್ವಾಸಕೋಶ ಮತ್ತು ಹೊಟ್ಟೆಯ ಕ್ಯಾನ್ಸರ್‌ಗಳು ಜೋಡಿಯಾಗಿ ಬರುವುದು ಅಲ್ಲಿ ತುಸು ಹೆಚ್ಚಾಗಿ ಕಂಡಿತು. ಒಟ್ಟಾರೆಯಾಗಿ ಮಾತ್ರ, ಮದುವೆಯ ನಂತರ ಹಂಚಿಕೊಂಡ ಪರಿಸರದ ಪಾತ್ರ ಚಿಕ್ಕದೆಂದೇ ತೋರಿತು.

ಹಾಗಾದರೆ ವೈರಾಣು ಅಥವಾ ಬ್ಯಾಕ್ಟೀರಿಯಾದಿಂದ ಬರುವ ರಕ್ತ ಕ್ಯಾನ್ಸರ್‌ಗಳು ಯಾವುವು?

ದಂಪತಿಗಳ ನಡುವೆ ನಿಜವಾಗಿಯೂ ದಾಟಬಲ್ಲ ಕಾರಣವೆಂದರೆ ಇದೊಂದೇ. ಪರೀಕ್ಷೆ ಸುಲಭ, ಕೆಲವಕ್ಕೆ ಚಿಕಿತ್ಸೆಯೂ ಇದೆ. ಹಾಗಾಗಿ ಇಬ್ಬರಿಗೂ ಲಿಂಫೋಮಾ ಬಂದಿದ್ದರೆ ಮೊದಲು ಇತ್ತ ನೋಡಬೇಕು.

ಪಠ್ಯಪುಸ್ತಕದ ಉದಾಹರಣೆ ಎಚ್‌ಟಿಎಲ್‌ವಿ-1 ಎಂಬ ವೈರಾಣು. ವಯಸ್ಕರ ಟಿ-ಕೋಶ (ಬಿಳಿ ರಕ್ತಕೋಶದ ಒಂದು ಬಗೆ) ಲ್ಯುಕೇಮಿಯಾವನ್ನು ಜಪಾನಿನ ವೈದ್ಯರು 1977ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಅದಕ್ಕೆ ಕಾರಣವಾದ ಈ ವೈರಾಣುವನ್ನು 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ಅವರ ತಂಡ ವರದಿ ಮಾಡಿತು. ತಾಯಿಯ ಹಾಲು, ಲೈಂಗಿಕ ಸಂಪರ್ಕ ಮತ್ತು ರಕ್ತದ ಮೂಲಕ ಅದು ಹರಡುತ್ತದೆ. ಹೀಗಿದ್ದರೂ ಗಂಡ ಹೆಂಡತಿ ಇಬ್ಬರಿಗೂ ಈ ಲ್ಯುಕೇಮಿಯಾ ಬರುವುದು ಅಪರೂಪವೇ, ಏಕೆಂದರೆ ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂರರಿಂದ ಐದು ಮಂದಿಗೆ ಮಾತ್ರ ಕಾಯಿಲೆ ಬರುತ್ತದೆ, ಅದೂ ಹೆಚ್ಚಾಗಿ ಹಸುಗೂಸಾಗಿದ್ದಾಗ ತಾಯಿಯಿಂದ ಸೋಂಕು ಪಡೆದವರಿಗೆ, ದಶಕಗಳ ನಂತರ. ಈ ವೈರಾಣು ನೆಲೆಯೂರಿರುವುದು ಜಪಾನಿನ ನೈರುತ್ಯ ಭಾಗ, ಕೆರಿಬಿಯನ್ ದ್ವೀಪಗಳು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ಪ್ರದೇಶಗಳಲ್ಲಿ.

ನಮ್ಮಲ್ಲಿ ಹೆಚ್ಚು ಉಪಯುಕ್ತವಾದ ಪರೀಕ್ಷೆಗಳು ಬೇರೆ. ಎಚ್‌ಐವಿ ಸೋಂಕಿರುವವರಲ್ಲಿ ಬಿ-ಕೋಶದ (ಇನ್ನೊಂದು ಬಗೆಯ ಬಿಳಿ ರಕ್ತಕೋಶ) ತೀವ್ರ ಲಿಂಫೋಮಾಗಳ ಅಪಾಯ ಬಹಳ ಹೆಚ್ಚು, ಸೋಂಕು ದಂಪತಿಗಳಲ್ಲಿ ಇಬ್ಬರಿಗೂ ಇರಬಹುದು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿ ಎರಡೂ ಉಚಿತ. ಹೆಪಟೈಟಿಸ್ ಸಿ ವೈರಾಣುವಿಗೂ ಕೆಲವು ನಿಧಾನಗತಿಯ ಲಿಂಫೋಮಾಗಳಿಗೂ ನಂಟಿದೆ; ವೈರಾಣುವಿಗೆ ಕೊಟ್ಟ ಮಾತ್ರೆಗಳಿಂದಲೇ ಲಿಂಫೋಮಾ ಇಳಿದ ಉದಾಹರಣೆಗಳಿವೆ. ಹೊಟ್ಟೆಯ ‘ಮಾಲ್ಟ್’ ಲಿಂಫೋಮಾಕ್ಕೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದು ಒಂದೇ ಮನೆಯ ಹಲವರಲ್ಲಿ ಇರುವುದು ಸಾಮಾನ್ಯ, ಆರಂಭದ ಹಂತದಲ್ಲಿ ಎಷ್ಟೋ ರೋಗಿಗಳಿಗೆ ಆ್ಯಂಟಿಬಯಾಟಿಕ್ ಮಾತ್ರೆಗಳೇ ಸಾಕಾಗುತ್ತವೆ.

ಕೆಲವು ಲಿಂಫೋಮಾಗಳೊಂದಿಗೆ ನಂಟಿರುವ ಎಪ್‌ಸ್ಟೀನ್-ಬಾರ್ ವೈರಾಣುವಿನ ಹೆಸರನ್ನೂ ನೀವು ಓದಿರಬಹುದು. ಅದು ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿರುವುದರಿಂದ, ಈ ಇಬ್ಬರಿಗೇ ಏಕೆ ಬಂತು ಎಂಬುದನ್ನು ಅದೊಂದೇ ವಿವರಿಸಲಾರದು.

ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದೆವು. ಅದರಿಂದ ಬಂದಿರಬಹುದೇ?

ಕೆಲಸ ಯಾವುದು, ಎಷ್ಟು ವರ್ಷ, ಎಂಥ ಜಾಗದಲ್ಲಿ ಎಂಬುದರ ಮೇಲೆ ಉತ್ತರ ನಿಂತಿದೆ. ರಕ್ತ ಕ್ಯಾನ್ಸರ್ ವಿಷಯದಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷ್ಯವಿರುವ ರಾಸಾಯನಿಕ ಬೆಂಜೀನ್. ಉಸಿರಿನ ಮೂಲಕ ಒಳಗೆ ಹೋದ ಬೆಂಜೀನ್ ಯಕೃತ್ತಿನಲ್ಲಿ ರೂಪಾಂತರಗೊಂಡು, ಆ ರೂಪಾಂತರಗಳು ಅಸ್ಥಿಮಜ್ಜೆಯಲ್ಲಿ ರಕ್ತದ ಮೂಲಕೋಶಗಳನ್ನು ಹಾಳುಮಾಡುತ್ತವೆ. ಇಸ್ತಾಂಬುಲ್ ನಗರದ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಬೆಂಜೀನ್ ಬೆರೆತ ಅಂಟು ಬಳಸಿ ಚಪ್ಪಲಿ, ಬೂಟು ಹೊಲಿಯುತ್ತಿದ್ದವರಲ್ಲಿ ಲ್ಯುಕೇಮಿಯಾ ಹೆಚ್ಚಿರುವುದನ್ನು ಟರ್ಕಿಯ ವೈದ್ಯ ಮುಜಫ್ಫರ್ ಅಕ್ಸೋಯ್ 1970ರ ದಶಕದಲ್ಲಿ ತೋರಿಸಿದರು. ಅಮೆರಿಕದ ಓಹಾಯೋದ ರಬ್ಬರ್ ಕಾರ್ಮಿಕರಲ್ಲೂ ಅದೇ ಕಂಡುಬಂತು. ಬೆಂಜೀನ್‌ನಿಂದ ಬರುವುದಾಗಿ ದೃಢಪಟ್ಟಿರುವುದು ತೀವ್ರ ಮೈಲಾಯ್ಡ್ ಲ್ಯುಕೇಮಿಯಾ. ಮೈಲೋಮಾ ಮತ್ತು ಲಿಂಫೋಮಾಗಳ ವಿಷಯದಲ್ಲಿ ನಂಟಿನ ಸೂಚನೆಗಳಿದ್ದರೂ ಸಾಕ್ಷ್ಯ ಅಷ್ಟು ಬಿಗಿಯಾಗಿಲ್ಲ.

ಇಸ್ತಾಂಬುಲಿನ ಆ ಕೋಣೆಗಳು ಬೆಂಗಳೂರಿಗೆ ಅಪರಿಚಿತವಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಸಲೂಷನ್ ಬಳಸಿ ಚಪ್ಪಲಿ ಅಥವಾ ಬ್ಯಾಗು ತಯಾರಿಸುವ ಕುಟುಂಬಗಳು, ಥಿನ್ನರ್ ಡಬ್ಬಗಳ ನಡುವೆ ಬದುಕುವ ಸ್ಪ್ರೇ ಪೇಂಟಿಂಗ್ ಶೆಡ್ಡಿನವರು, ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವವರು, ಪೆಟ್ರೋಲ್ ಬಂಕಿನಲ್ಲಿ ನಿಂತು ಇಂಧನ ಹಾಕುವವರು, ಇವರೆಲ್ಲ ವೈದ್ಯರು ಕೇಳದಿದ್ದರೂ ತಾವಾಗಿಯೇ ಆ ವಿವರ ಹೇಳಬೇಕು. ಇಂದಿನ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ಕ್ಕಿಂತ ಹೆಚ್ಚಿರುವಂತಿಲ್ಲ, ಹಿಂದಿನ ಪೆಟ್ರೋಲಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಇರುತ್ತಿತ್ತು. ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಕೆಲಸದ ಚರಿತ್ರೆಯೂ ಮುಖ್ಯವಾಗುವುದು ಈ ಕಾರಣಕ್ಕೆ.

ಒಬ್ಬರು ಮಾತ್ರ ಕಾರ್ಖಾನೆಗೆ ಹೋಗುತ್ತಿದ್ದರೆ, ಅವರ ಬಟ್ಟೆಯ ಮೂಲಕ ಇನ್ನೊಬ್ಬರಿಗೆ ತಗುಲಿತೇ ಎಂದು ಕೇಳುವವರಿದ್ದಾರೆ. ಆಸ್ಬೆಸ್ಟಾಸ್ ವಿಷಯದಲ್ಲಿ ಹಾಗಾಗಿದ್ದುಂಟು: ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ ಎದೆಗೂಡಿನ ಪೊರೆಯ ಕ್ಯಾನ್ಸರ್ ಬಂದಿದೆ. ಬೆಂಜೀನ್ ಬೇಗ ಆವಿಯಾಗುವ ದ್ರವವಾದ್ದರಿಂದ ಬಟ್ಟೆಯಲ್ಲಿ ಹಾಗೆ ಉಳಿಯುವುದಿಲ್ಲ.

ನಾವು ರೇಷ್ಮೆ ಸಾಕುತ್ತಿದ್ದೆವು, ತೋಟಕ್ಕೆ ಔಷಧಿ ಹೊಡೆಯುತ್ತಿದ್ದೆವು. ಅದು ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವ ದಂಪತಿಗಳ ಮಟ್ಟಿಗೆ ಇದು ಕಾರ್ಖಾನೆಗಿಂತ ಹತ್ತಿರದ ಪ್ರಶ್ನೆ. ಹುಳು ಸಾಕುವ ಮನೆಯನ್ನು ಪ್ರತಿ ಬೆಳೆಗೂ ಮೊದಲು ಫಾರ್ಮಲಿನ್ ಹೊಡೆದು ಮುಚ್ಚಿ ಸೋಂಕು ಕಳೆಯುವ ರೂಢಿ ಬಹುಕಾಲದಿಂದ ಇದೆ. ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು, ಅದರಿಂದ ಬರುವ ಕ್ಯಾನ್ಸರ್‌ಗಳಲ್ಲಿ ಲ್ಯುಕೇಮಿಯಾವನ್ನೂ ಹೆಸರಿಸಿದೆ. ಆ ತೀರ್ಮಾನ ನಿಂತಿರುವುದು ವರ್ಷಗಟ್ಟಲೆ ದಿನನಿತ್ಯ ಅದರ ನಡುವೆ ದುಡಿದ ಕೈಗಾರಿಕಾ ಕಾರ್ಮಿಕರು ಹಾಗೂ ಶವಸಂರಕ್ಷಣೆ ಮಾಡುವವರ ಅಧ್ಯಯನಗಳ ಮೇಲೆ. ಬೆಳೆಗೊಮ್ಮೆ ಹೊಡೆಯುವ ರೈತನಿಗೆ ಅದೇ ಮಟ್ಟದ ಅಪಾಯವಿದೆ ಎಂದು ಹೇಳಲಾಗದು. ಆದರೆ ಗಂಡ ಹೊಡೆದು, ಹೆಂಡತಿ ಬಾಗಿಲು ತೆಗೆದು ಗುಡಿಸುವ ಮನೆಯಲ್ಲಿ ಇಬ್ಬರ ಉಸಿರಿಗೂ ಅದು ಸಿಕ್ಕಿರುತ್ತದೆ.

ಕೀಟನಾಶಕಗಳಲ್ಲಿ ಲಿಂಡೇನ್ ಅನ್ನು ಅದೇ ಸಂಸ್ಥೆ 2015ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಅದು ಲಿಂಫೋಮಾದ ದೊಡ್ಡ ಗುಂಪಾದ ನಾನ್-ಹಾಡ್ಜ್‌ಕಿನ್ ಲಿಂಫೋಮಾ ತರುತ್ತದೆ ಎಂಬುದೇ ಕಾರಣ. ಹಳೆಯ ತಲೆಮಾರಿನವರು ಗ್ಯಾಮಕ್ಸಿನ್, ಬಿಎಚ್‌ಸಿ ಪುಡಿ ಎಂದು ಕಣಜದ ಸುತ್ತ, ಹಟ್ಟಿಯಲ್ಲಿ ಬರಿಗೈಯಲ್ಲಿ ಚೆಲ್ಲುತ್ತಿದ್ದದ್ದು ಇದೇ ಕುಟುಂಬದ ವಸ್ತು. ಮ್ಯಾಲಥಿಯಾನ್, ಡಯಾಜಿನಾನ್, ಕಳೆನಾಶಕ ಗ್ಲೈಫೊಸೇಟ್ ಅದೇ ವರ್ಷ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಎರಡನೆಯ ಹಂತದ ಗುಂಪಿಗೆ ಸೇರಿದವು. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಬೋರ್‌ವೆಲ್ ನೀರು ಕುಡಿದದ್ದರಿಂದ ಬಂತೇ?

ನೀರಿನಿಂದ ಹೀಗಾಗಬಹುದು ಎಂಬುದಕ್ಕೆ ಹೆಸರಾದ ಉದಾಹರಣೆ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾಂಪ್ ಲೆಜೂನ್ ಸೇನಾನೆಲೆ. ಅಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್, ಬೆಂಜೀನ್ ಮೊದಲಾದ ದ್ರಾವಕಗಳು ಸೇರಿದ್ದವು, ಸೈನಿಕರ ಜೊತೆಗೆ ಅವರ ಕುಟುಂಬಗಳೂ ಅದನ್ನೇ ಕುಡಿದವು. ವಯಸ್ಕರ ಲ್ಯುಕೇಮಿಯಾ, ನಾನ್-ಹಾಡ್ಜ್‌ಕಿನ್ ಲಿಂಫೋಮಾ ಮತ್ತು ಮೈಲೋಮಾಗಳನ್ನು ಪರಿಹಾರಕ್ಕೆ ಅರ್ಹವಾದ ಕಾಯಿಲೆಗಳ ಪಟ್ಟಿಗೆ ಅಲ್ಲಿನ ಸರ್ಕಾರ 2017ರಲ್ಲಿ ಸೇರಿಸಿತು.

ಬೆಂಗಳೂರಿನಲ್ಲಿ ಜನರ ಅನುಮಾನ ಸಾಮಾನ್ಯವಾಗಿ ಹೋಗುವುದು ಬೆಳ್ಳಂದೂರು ಕೆರೆಯ ನೊರೆಯ ಕಡೆಗೆ, ಪೀಣ್ಯದ ಅಂತರ್ಜಲದ ಕಡೆಗೆ. ನೊರೆಯ ಹಿಂದಿರುವುದು ಚರಂಡಿ ನೀರು ಮತ್ತು ಡಿಟರ್ಜೆಂಟ್. ಪೀಣ್ಯದಲ್ಲಿ ಹೆಸರಾದ ಮಾಲಿನ್ಯ ಕ್ರೋಮಿಯಂ, ಅದು ಉಸಿರಾಟದ ಮೂಲಕ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ದೃಢಪಟ್ಟಿದೆಯೇ ಹೊರತು ರಕ್ತ ಕ್ಯಾನ್ಸರ್‌ಗೆ ಅಲ್ಲ. ರಕ್ತ ಕ್ಯಾನ್ಸರ್ ದೃಷ್ಟಿಯಿಂದ ಕೇಳಬೇಕಾದದ್ದು ಬೇರೆ: ನಿಮ್ಮ ಬೋರ್‌ವೆಲ್ ಹತ್ತಿರ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕ್ ಇತ್ತೇ, ಲೋಹದ ಭಾಗಗಳನ್ನು ದ್ರಾವಕದಲ್ಲಿ ತೊಳೆಯುವ ಘಟಕವಿತ್ತೇ? ಇದ್ದರೆ ‘ಆವಿಯಾಗುವ ಸಾವಯವ ಸಂಯುಕ್ತ’ಗಳ ಪರೀಕ್ಷೆಯನ್ನೇ ಹೆಸರಿಸಿ ಮಾಡಿಸಬೇಕು. ಟಿಡಿಎಸ್ ಮೀಟರ್ ಬೆಂಜೀನನ್ನು ತೋರಿಸುವುದಿಲ್ಲ, ಗಡಸುತನ ಫ್ಲೋರೈಡ್ ನೋಡುವ ಮಾಮೂಲಿ ಪರೀಕ್ಷೆಯೂ ತೋರಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಮನೆಯ ಮೇಲೆ ಮೊಬೈಲ್ ಟವರ್ ಇದೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳೂ ಆಗಿವೆ.

ಟವರಿನ ತರಂಗಗಳಿಗೆ ಡಿಎನ್ಎಯ ಬಂಧಗಳನ್ನು ಮುರಿಯುವಷ್ಟು ಶಕ್ತಿಯಿಲ್ಲ. ಅವುಗಳಿಂದ ರಕ್ತ ಕ್ಯಾನ್ಸರ್ ಬರುತ್ತದೆಂದು ತೋರಿಸಲಾಗಿಲ್ಲ. ಎಕ್ಸ್‌ರೇ ಮತ್ತು ಸಿಟಿಯ ವಿಕಿರಣಕ್ಕೆ ಆ ಶಕ್ತಿಯಿದೆ, ಆದರೆ ರೋಗ ಪತ್ತೆಗೆ ಬಳಸುವ ಪ್ರಮಾಣದಲ್ಲಿ ಅಪಾಯ ತೀರಾ ಚಿಕ್ಕದು. ಅಗತ್ಯವಿರುವ ಸ್ಕ್ಯಾನ್ ಬೇಡವೆನ್ನಲು ಇದು ಕಾರಣವಾಗಬಾರದು.

ನಾವು ಸೋದರಿಕೆಯಲ್ಲಿ ಮದುವೆಯಾದವರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ದಂಪತಿಗಳ ಕ್ಯಾನ್ಸರ್ ಬಗ್ಗೆ ಹೊರದೇಶದವರು ಬರೆದ ಯಾವ ಲೇಖನವನ್ನು ತೆಗೆದರೂ, ಗಂಡ ಹೆಂಡತಿ ಹಂಚಿಕೊಳ್ಳುವುದು ಪರಿಸರವನ್ನು ಮಾತ್ರ, ವಂಶವಾಹಿಗಳನ್ನಲ್ಲ ಎಂಬ ಗ್ರಹಿಕೆಯಿಂದಲೇ ವಾದ ಆರಂಭವಾಗುತ್ತದೆ. ಕರ್ನಾಟಕಕ್ಕೆ ಅದನ್ನು ಹಾಗೇ ಹೊಂದಿಸುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದೊಳಗೇ ಆಗುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಪಾಲು, ಅತ್ತೆಯ ಮಗ ಮತ್ತು ಮಾವನ ಮಗಳ ನಡುವೆ ಎಂಟನೇ ಒಂದು ಪಾಲು ವಂಶವಾಹಿಗಳು ಸಮಾನವಾಗಿರುತ್ತವೆ. ಆದ್ದರಿಂದ ಇಂಥ ದಂಪತಿಗಳಿಬ್ಬರಿಗೂ ಕಾಯಿಲೆ ಬಂದಾಗ ಅವರನ್ನು ಒಂದೇ ಮನೆಯ ಇಬ್ಬರು ರೋಗಿಗಳೆಂದಷ್ಟೇ ನೋಡದೆ, ಒಂದೇ ವಂಶದ ಇಬ್ಬರು ರೋಗಿಗಳೆಂದೂ ನೋಡಬೇಕು.

ಆರ್‌ಯುಎನ್ಎಕ್ಸ್1, ಸಿಇಬಿಪಿಎ, ಜಿಎಟಿಎ2, ಡಿಡಿಎಕ್ಸ್41 ಎಂಬ ವಂಶವಾಹಿಗಳಲ್ಲಿ ಹುಟ್ಟಿನಿಂದಲೇ ದೋಷವಿರುವ ಕುಟುಂಬಗಳಲ್ಲಿ ಮೈಲಾಯ್ಡ್ ಲ್ಯುಕೇಮಿಯಾ ಅಥವಾ ಮೈಲೋಡಿಸ್ಪ್ಲಾಸಿಯಾ (ಅಸ್ಥಿಮಜ್ಜೆಯಲ್ಲಿ ರಕ್ತಕೋಶಗಳು ಸರಿಯಾಗಿ ಬೆಳೆಯದ ಕಾಯಿಲೆ) ಮತ್ತೆ ಮತ್ತೆ ಕಾಣಿಸುತ್ತದೆ. ಇವುಗಳಲ್ಲಿ ಡಿಡಿಎಕ್ಸ್41 ದೋಷದ ಕಾಯಿಲೆ ಬಹುಪಾಲು ಅರವತ್ತರ ಆಸುಪಾಸಿನಲ್ಲೋ ಆಮೇಲೋ ಕಾಣಿಸಿಕೊಳ್ಳುವುದರಿಂದ, ವಂಶದ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರಬೇಕು ಎಂಬ ಸಾಮಾನ್ಯ ಎಣಿಕೆ ಅಲ್ಲಿ ತಪ್ಪುತ್ತದೆ. ಈ ಪರೀಕ್ಷೆಗೆ ರಕ್ತದ ಮಾದರಿ ಸಾಲದು, ಏಕೆಂದರೆ ರಕ್ತದಲ್ಲೇ ಕ್ಯಾನ್ಸರ್ ಕೋಶಗಳಿರುತ್ತವೆ. ಚರ್ಮದ ಚಿಕ್ಕ ತುಣುಕಿನಿಂದ ಬೆಳೆಸಿದ ಕೋಶಗಳು ಬೇಕಾಗುತ್ತವೆ.

ಇದರ ಅರ್ಥ ಸೋದರಿಕೆಯ ಮದುವೆಯೇ ಕ್ಯಾನ್ಸರ್ ತಂದಿತು ಎಂದಲ್ಲ. ಅಂಥ ಲಕ್ಷಾಂತರ ಮದುವೆಗಳಲ್ಲಿ ಹೀಗಾಗಿಲ್ಲ. ಮದುವೆ ಮಾಡಿಸಿದ ಹಿರಿಯರ ಮೇಲೆ ಹೊಣೆ ಹೊರಿಸುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ.

ಒಂದು ವ್ಯಾವಹಾರಿಕ ಪರಿಣಾಮ ಮಾತ್ರ ಇದೆ. ವಂಶದ ದೋಷ ಪತ್ತೆಯಾದರೆ, ಅಸ್ಥಿಮಜ್ಜೆ ಕೊಡಲು ಮುಂದೆ ಬಂದ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಅದೇ ದೋಷವಿದೆಯೇ ಎಂದು ಕಸಿಗೆ ಮೊದಲೇ ನೋಡಬೇಕಾಗುತ್ತದೆ. ಕಸಿಯ ಸಾಧ್ಯತೆ ಇರುವ ರೋಗಿಗೆ ಹತ್ತಿರದ ನೆಂಟರ ರಕ್ತವನ್ನು ಕೊಡಿಸದಿರುವುದೂ ಒಳ್ಳೆಯದು.

ಸಿಗರೇಟು, ಊಟ, ಅಗರಬತ್ತಿಯ ಹೊಗೆ?

ತಂಬಾಕಿನ ಹೊಗೆಯಲ್ಲಿ ಬೆಂಜೀನ್ ಇದೆ, ಸೇದುವವರಲ್ಲಿ ಮೈಲಾಯ್ಡ್ ಲ್ಯುಕೇಮಿಯಾ ಅಪಾಯ ಹೆಚ್ಚು. ಪಕ್ಕದಲ್ಲಿ ಕೂತು ಹೊಗೆ ಕುಡಿದವರ ವಿಷಯದಲ್ಲಿ ರಕ್ತ ಕ್ಯಾನ್ಸರ್ ಮಟ್ಟಿಗೆ ಸಾಕ್ಷ್ಯ ದುರ್ಬಲ. ಒಂದೇ ಅಡುಗೆಯುಂಡು ಇಬ್ಬರೂ ಒಟ್ಟಿಗೆ ತೂಕ ಏರಿಸಿಕೊಳ್ಳುವುದು ದಂಪತಿಗಳಲ್ಲಿ ಸಾಮಾನ್ಯ. ಅತಿತೂಕದಿಂದ ಮೈಲೋಮಾ ಅಪಾಯ ಹೆಚ್ಚುತ್ತದೆ ಎಂಬುದು ದೃಢಪಟ್ಟಿದೆ. ಅಗರಬತ್ತಿಯ ಹೊಗೆಯಲ್ಲೂ ಬೆಂಜೀನ್, ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿರುತ್ತವೆ. ದೇವರ ಕೋಣೆಯ ಕಿಟಕಿ ತೆರೆದಿಟ್ಟರೆ ಸಾಕು.

ಯಾವುದಾದರೂ ಪರೀಕ್ಷೆಯಿಂದ ಕಾರಣವನ್ನು ಖಚಿತವಾಗಿ ಹೇಳಬಹುದೇ?

ಸೋಂಕು ಮತ್ತು ವಂಶದ ದೋಷಗಳನ್ನು ಬಿಟ್ಟರೆ, ಇಲ್ಲ. ಬೆಂಜೀನ್ ಅಥವಾ ಹಿಂದಿನ ಕೀಮೋ ಚಿಕಿತ್ಸೆಯ ನಂತರ ಬರುವ ಲ್ಯುಕೇಮಿಯಾಗಳಲ್ಲಿ 5 ಮತ್ತು 7ನೇ ವರ್ಣತಂತುಗಳ ನಷ್ಟ ಹೆಚ್ಚಾಗಿ ಕಾಣುತ್ತದೆ. ಅದೇ ಬದಲಾವಣೆ ಯಾವ ರಾಸಾಯನಿಕವನ್ನೂ ಮುಟ್ಟದ ವೃದ್ಧರಲ್ಲೂ ಇರುವುದರಿಂದ ಅದನ್ನು ಪುರಾವೆ ಎನ್ನಲಾಗದು. ಕಾಲದ ಅಂತರವೂ ಒಂದು ಸುಳಿವು. ಹಿರೋಷಿಮಾದಲ್ಲಿ ಲ್ಯುಕೇಮಿಯಾ ಏರಿಕೆ ಸುಮಾರು ಎರಡು ವರ್ಷಗಳಲ್ಲಿ ಶುರುವಾಗಿ ಆರರಿಂದ ಎಂಟು ವರ್ಷಗಳ ಹೊತ್ತಿಗೆ ತುತ್ತತುದಿ ಮುಟ್ಟಿತು. ಹೋದ ವರ್ಷವಷ್ಟೇ ಬದಲಾಯಿಸಿದ ಮನೆಯ ನೀರು ಈ ವರ್ಷದ ಮೈಲೋಮಾಕ್ಕೆ ಕಾರಣವಾಗಿರಲಾರದು.

ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಮೈಲೋಮಾ ರೋಗಿಯ ಮಕ್ಕಳಲ್ಲಿ, ಒಡಹುಟ್ಟಿದವರಲ್ಲಿ ಅಪಾಯ ಇತರರಿಗಿಂತ ಎರಡರಿಂದ ನಾಲ್ಕು ಪಟ್ಟು. ಮೂಲ ಅಪಾಯವೇ ಚಿಕ್ಕದಾದ್ದರಿಂದ ಅಷ್ಟು ಪಟ್ಟಾದರೂ ಅದು ಚಿಕ್ಕದಾಗಿಯೇ ಉಳಿಯುತ್ತದೆ, ಆರೋಗ್ಯವಂತ ಮಕ್ಕಳೆಲ್ಲರಿಗೂ ಅಸ್ಥಿಮಜ್ಜೆ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ತಂದೆ ತಾಯಿ ಸಂಬಂಧಿಕರಾಗಿದ್ದರೆ, ಅಥವಾ ವಂಶದಲ್ಲಿ ಮೂರನೆಯವರಿಗೂ ರಕ್ತದ ಕಾಯಿಲೆ ಇದ್ದರೆ, ಆನುವಂಶಿಕ ಸಲಹೆಗಾರರನ್ನು ಕಾಣಬೇಕು.

ವೈದ್ಯರಿಗೆ ಏನೇನು ಹೇಳಬೇಕು, ಬೇರೆ ಯಾರಿಗೆ ತಿಳಿಸಬೇಕು?

ಮದುವೆಯಾದ ವರ್ಷ, ಆಮೇಲೆ ವಾಸವಿದ್ದ ಮನೆಗಳು, ಪ್ರತಿ ಮನೆಯ ನೀರಿನ ಮೂಲ, ಇಬ್ಬರೂ ಮಾಡಿದ ಕೆಲಸಗಳು, ಬಳಸಿದ ರಾಸಾಯನಿಕಗಳ ಡಬ್ಬದ ಮೇಲಿದ್ದ ಹೆಸರು, ಹಿಂದೆ ಪಡೆದ ಕೀಮೋ ಅಥವಾ ರೇಡಿಯೇಷನ್, ಇಬ್ಬರ ನಡುವಿನ ನೆಂಟಸ್ತಿಕೆ: ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹೊರರೋಗಿ ವಿಭಾಗದ ಗದ್ದಲದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಇಳಿಯುವುದಿಲ್ಲ. ಬೇರೊಂದು ಆಸ್ಪತ್ರೆಯಲ್ಲಿರುವ ಸಂಗಾತಿಯ ರೋಗದ ಹೆಸರನ್ನೂ ನಿಮ್ಮ ಕಡತದಲ್ಲಿ ಬರೆಸಿ.

ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ನಡೆಯುತ್ತಿದೆ. ಅದು ಪ್ರತಿ ರೋಗಿಯನ್ನು ಪ್ರತ್ಯೇಕವಾಗಿ ಎಣಿಸುವುದರಿಂದ ಗಂಡ ಹೆಂಡತಿಯ ಜೋಡಿ ಅಲ್ಲಿ ತಾನಾಗಿ ಎದ್ದುಕಾಣುವುದಿಲ್ಲ, ಗಮನಿಸಿ ಹೇಳಬೇಕಾದವರು ಕುಟುಂಬ ಮತ್ತು ವೈದ್ಯರೇ. ಕೆಲಸದ ರಾಸಾಯನಿಕದ ಮೇಲೆ ಗಟ್ಟಿ ಅನುಮಾನವಿದ್ದರೆ, ಬೆಂಜೀನ್ ವಿಷಬಾಧೆ ಕಾರ್ಖಾನೆಗಳ ಕಾಯ್ದೆ 1948ರ ಮೂರನೆಯ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಯಾಗಿ ಸೇರಿತ್ತು ಎಂಬುದನ್ನು ನೆನಪಿಡಿ, ವೈದ್ಯರಿಂದ ಲಿಖಿತ ಅಭಿಪ್ರಾಯ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಕೇಂದ್ರವೂ ದೇವನಹಳ್ಳಿಯ ಹತ್ತಿರವೇ ಇದೆ. ಅದೇ ಬೀದಿಯಲ್ಲಿ ಅಥವಾ ಅದೇ ಶೆಡ್ಡಿನಲ್ಲಿ ಮೂರನೆಯ, ನಾಲ್ಕನೆಯ ವ್ಯಕ್ತಿಗೂ ಅದೇ ಉಪವಿಧದ ಕಾಯಿಲೆ ಇರುವುದು ನಿಮಗೆ ಗೊತ್ತಿದ್ದರೆ, ಆ ಮಾಹಿತಿಯನ್ನು ಅವರ ಒಪ್ಪಿಗೆ ಪಡೆದು ವೈದ್ಯರಿಗೆ ಕೊಡಿ. ತನಿಖೆ ನಡೆಸಲು ಒಂದು ಜೋಡಿಗಿಂತ ಅಂಥ ಗುಂಪು ಹೆಚ್ಚು ನೆರವಾಗುತ್ತದೆ.